ನಿಮಗಿದು ಗೊತ್ತೆ? ಬೀಟಲ್‌ನ ಹಟಮಾರಿ ನಟ್

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಆಕ್ಸಲ್ ಬಿಚ್ಚಲು ಹೊರಟ ಮೆಕ್ಯಾನಿಕ್ ಮೊದಲು ಸೋಲುವುದು ಒಂದು ನಟ್ಟಿಗೆ. 36 ಮಿಲಿಮೀಟರ್ ಅಳತೆಯ ಇದನ್ನು ಸುಮಾರು 30 ಕೆಜಿ-ಮೀಟರ್ ತಿರುಚುಬಲದಲ್ಲಿ ಬಿಗಿದಿರುತ್ತಾರೆ. ಅಂದರೆ ಒಂದು ಮೀಟರ್ ಉದ್ದದ ಪೈಪಿನ ತುದಿಗೆ 30 ಕೆಜಿ ತೂಗುಹಾಕಿದಷ್ಟು. ಮೇಲೆ ವರ್ಷಗಳ ತುಕ್ಕು ಬೇರೆ! ಕಾರನ್ನು ಜಾಕ್ ಮೇಲೆತ್ತಿ ಬಿಚ್ಚಹೊರಟರೆ ಆ ಎಳೆತಕ್ಕೆ ಕಾರೇ ಜಾರಿ ಬಿದ್ದೀತು. ಅದಕ್ಕೇ ಚಕ್ರಗಳು ನೆಲದಲ್ಲಿರುವಾಗಲೇ ಹ್ಯಾಂಡ್ ಬ್ರೇಕ್ ಎಳೆದು ನಟ್ ಸಡಿಲಿಸಿಕೊಳ್ಳಬೇಕು.

ಮರಳಿ ಕೂಡಿಸುವಾಗ ಇನ್ನೊಂದು ತಕರಾರು. ನಟ್ಟಿನ ಕಚ್ಚು ಆಕ್ಸಲ್‌ನ ತೂತಿಗೆ ನೇರವಾಗದೆ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಒಳಹೋಗದಿದ್ದರೆ ಹಿಂದಕ್ಕೆ ತಿರುಗಿಸುವಂತಿಲ್ಲ, ಮುಂದಕ್ಕೇ ಬಿಗಿಯಬೇಕು. ನಟ್ ಸಡಿಲ ಉಳಿದರೆ ಆಕ್ಸಲ್ಲನ್ನು ಕಚ್ಚಿಕೊಂಡಿರುವ ಬ್ರೇಕ್ ಡ್ರಮ್ಮಿನ ಒಳಹಲ್ಲುಗಳು ಸವೆಯುತ್ತವೆ. ಪೂರ್ತಿ ಸವೆದ ಮೇಲೆ ಆಕ್ಸಲ್ ತಿರುಗಿದರೂ ಚಕ್ರ ತಿರುಗದು.