ಇಂಗ್ಲಿಷಿನ ಕಡೆಯ ಮೆಟ್ಟಿಲು: ಕೇಂಬ್ರಿಡ್ಜ್ ಪರೀಕ್ಷೆಗೆ ಸಿದ್ಧತೆ

ಮಕ್ಕಳು ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ವಿದೇಶಕ್ಕೆ ಹೊರಟರೆಂದರೆ ಮನೆಯವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಇಂಗ್ಲಿಷ್ ಪರೀಕ್ಷೆಯದು. ಐಇಎಲ್‌ಟಿಎಸ್, ಟೋಫೆಲ್ ಎಂಬ ಹೆಸರುಗಳು ಈಗ ಸಣ್ಣ ಊರುಗಳಿಗೂ ಪರಿಚಿತವಾಗಿವೆ. ಅಷ್ಟಾಗಿ ಪರಿಚಿತವಲ್ಲದ ಇನ್ನೊಂದು ಪರೀಕ್ಷೆಯುಂಟು. ಅದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ನಡೆಯುವ ‘ಸಿ2 ಪ್ರೊಫಿಷಿಯೆನ್ಸಿ’. ಭಾಷಾಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುವ ಯುರೋಪಿನ ಕ್ರಮದಲ್ಲಿ ಇದು ಕಡೆಯ ಮೆಟ್ಟಿಲು.

ಈ ಪರೀಕ್ಷೆ ಆರಂಭವಾದುದು 1913ರಲ್ಲಿ. ಆಗ ಅದಕ್ಕೆ ಕುಳಿತವರು ಮೂವರು, ಮೂವರೂ ಅನುತ್ತೀರ್ಣರಾದರು! ಹನ್ನೆರಡು ಗಂಟೆಗಳಷ್ಟು ದೀರ್ಘವಾಗಿದ್ದ ಆ ಪರೀಕ್ಷೆಯಲ್ಲಿ ಭಾಷಾಂತರ, ವ್ಯಾಕರಣ, ಪ್ರಬಂಧ, ಸಾಹಿತ್ಯ, ಉಚ್ಚಾರಶಾಸ್ತ್ರ, ಉಕ್ತಲೇಖನ, ಸಂಭಾಷಣೆ ಎಲ್ಲವೂ ಇದ್ದವು. ಇಂದಿನ ಪರೀಕ್ಷೆ ನಾಲ್ಕು ಗಂಟೆಗಳೊಳಗೆ ಮುಗಿಯುತ್ತದೆ. ಆದರೆ ಬಿಗಿ ಸಡಿಲವಾಗಿಲ್ಲ.

ಸಿದ್ಧತೆಗೆ ಮೊದಲು ಪಾಲಕರು ವಿಚಾರಿಸತಕ್ಕ ಸಂಗತಿಯೊಂದಿದೆ: ಈ ಪರೀಕ್ಷೆ ನಮ್ಮ ಮಗುವಿಗೆ ನಿಜವಾಗಿ ಬೇಕೆ? ಬ್ರಿಟನ್ನಿನಲ್ಲಿ ದಾದಿಯಾಗಿ ನೋಂದಾಯಿಸಿಕೊಳ್ಳಬಯಸುವ ಹೆಣ್ಣುಮಗಳಿಂದ ಅಲ್ಲಿಯ ನರ್ಸಿಂಗ್ ಮಂಡಳಿ ಕೇಳುವುದು ಐಇಎಲ್‌ಟಿಎಸ್ ಅಥವಾ ಓಇಟಿ ಪರೀಕ್ಷೆಯ ಅಂಕಗಳನ್ನು. ಅವಳನ್ನು ಸಿ2ಗೆ ಕೂರಿಸಿದರೆ ಹಣವೂ ಕಾಲವೂ ವ್ಯರ್ಥ. ಹೋಗಬೇಕೆಂದಿರುವ ವಿಶ್ವವಿದ್ಯಾಲಯವಾಗಲಿ ಇಲಾಖೆಯಾಗಲಿ ಯಾವ ಪರೀಕ್ಷೆಯನ್ನು ಮನ್ನಿಸುತ್ತದೆಂದು ಅವರದೇ ಪ್ರಕಟಣೆಯಲ್ಲಿ ಓದಿ ತಿಳಿಯಬೇಕೇ ಹೊರತು ತರಬೇತಿ ಕೇಂದ್ರದವರ ಮಾತಿನಿಂದಲ್ಲ. ಇಂಗ್ಲಿಷ್ ಬೋಧಿಸುವವರು, ಭಾಷಾಂತರವನ್ನು ವೃತ್ತಿಯಾಗಿಸಿಕೊಳ್ಳುವವರು, ಭಾಷೆಯನ್ನೇ ಆಳವಾಗಿ ಕಲಿಯಬಯಸುವವರು – ಇಂಥವರಿಗೆ ಸಿ2 ತಕ್ಕುದು. ಐಇಎಲ್‌ಟಿಎಸ್ ಅಂಕಗಳನ್ನು ಸಾಮಾನ್ಯವಾಗಿ ಎರಡು ವರ್ಷಗಳ ಮಟ್ಟಿಗೆ ಮಾತ್ರ ಒಪ್ಪುತ್ತಾರೆ. ಕೇಂಬ್ರಿಡ್ಜ್ ಪ್ರಮಾಣಪತ್ರಕ್ಕೆ ಅಂಥ ಅವಧಿಯಿಲ್ಲ. ಆದರೂ ಇತ್ತೀಚಿನದೇ ಬೇಕೆನ್ನುವ ಸಂಸ್ಥೆಗಳು ಇರಬಹುದು.

ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ. ಓದು ಮತ್ತು ಭಾಷಾಬಳಕೆಗೆ ಒಂದೂವರೆ ಗಂಟೆ, 53 ಪ್ರಶ್ನೆಗಳು. ಬರವಣಿಗೆಗೂ ಒಂದೂವರೆ ಗಂಟೆ. ಆಲಿಸುವಿಕೆಗೆ ಸುಮಾರು 40 ನಿಮಿಷ. ಪ್ರತಿಯೊಂದನ್ನೂ ಎರಡು ಸಲ ಕೇಳಿಸುತ್ತಾರೆ. ಕೊನೆಯದು 16 ನಿಮಿಷಗಳ ಸಂಭಾಷಣೆ.

ನಮ್ಮ ವಿದ್ಯಾರ್ಥಿಗಳು ಎಡವುವುದು ಭಾಷಾಬಳಕೆಯಲ್ಲಿ. ಕಠಿಣ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡು ಹೋದವರೂ ಇಲ್ಲಿ ಕೈಚೆಲ್ಲುತ್ತಾರೆ. ಕಾರಣ, ಈ ಪರೀಕ್ಷೆ ಕೇಳುವುದು ಪದದ ಅರ್ಥವನ್ನಷ್ಟೇ ಅಲ್ಲ, ಅದರ ಜೊತೆಗಾರರನ್ನು. ಕನ್ನಡವನ್ನೇ ನೋಡಿ: ನಾವು ‘ಕಡುಬಡತನ’ ಎನ್ನುತ್ತೇವೆ, ‘ಗಾಢನಿದ್ರೆ’ ಎನ್ನುತ್ತೇವೆ, ‘ಬಿರುಬಿಸಿಲು’ ಎನ್ನುತ್ತೇವೆ. ‘ಕಡುನಿದ್ರೆ’, ‘ಬಿರುಬಡತನ’ ಎಂದರೆ ಅರ್ಥವೇನೋ ಆದೀತು, ಆದರೆ ಕೇಳಿದವರು ನಕ್ಕಾರು. ಯಾವ ವ್ಯಾಕರಣವೂ ನಮಗಿದನ್ನು ಕಲಿಸಲಿಲ್ಲ. ಅಜ್ಜಿಯ ಬಾಯಿಂದ, ಓಣಿಯಿಂದ, ಪುಸ್ತಕದಿಂದ ಬಂದದ್ದು. ಇಂಗ್ಲಿಷಿನಲ್ಲಿಯೂ ಹಾಗೆಯೇ. ಚಹಾ ‘ಸ್ಟ್ರಾಂಗ್’, ಮಳೆ ‘ಹೆವಿ’. ಅದಲು ಬದಲು ಮಾಡುವಂತಿಲ್ಲ. ಆದ್ದರಿಂದ ಹೊಸ ಪದವನ್ನು ಒಂಟಿಯಾಗಿ ಬರೆದಿಟ್ಟುಕೊಳ್ಳದೆ, ಅದು ಕಾಣಿಸಿದ ಪೂರ್ತಿ ವಾಕ್ಯವನ್ನೇ ನೋಟುಪುಸ್ತಕದಲ್ಲಿ ಇಳಿಸಿಕೊಳ್ಳಬೇಕು. ವಾರಕ್ಕೊಮ್ಮೆ ಆ ಪದವನ್ನು ಮುಚ್ಚಿ, ಉಳಿದ ವಾಕ್ಯ ಓದಿ, ಪದ ನೆನಪಾಗುವುದೋ ಎಂದು ನೋಡಬೇಕು. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು ಹೆಚ್ಚುಕಡಿಮೆ ಇದೇ ಬಗೆಯವು.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ಒಂದು ವಾಕ್ಯವನ್ನೂ ಒಂದು ಪದವನ್ನೂ ಕೊಟ್ಟು, ಆ ಪದವನ್ನು ಬದಲಿಸದೆ ಮೂರರಿಂದ ಎಂಟು ಪದಗಳಲ್ಲಿ ಅದೇ ಅರ್ಥ ಬರುವಂತೆ ಎರಡನೆಯ ವಾಕ್ಯವನ್ನು ಪೂರ್ಣಗೊಳಿಸಲು ಹೇಳುತ್ತಾರೆ. ‘ಅವನು ಬರುವುದು ಅನುಮಾನ’ ಎಂಬುದನ್ನು ‘ಭರವಸೆ’ ಎಂಬ ಪದವಿಟ್ಟು ‘ಅವನು ಬರುವನೆಂಬ ಭರವಸೆಯಿಲ್ಲ’ ಎಂದು ತಿರುಗಿಸಿದಂತೆ. ಕರ್ತರಿ–ಕರ್ಮಣಿ ಪ್ರಯೋಗಗಳನ್ನು ಶಾಲೆಯಲ್ಲಿ ತಿದ್ದಿದವರಿಗೆ ಇದರ ದಾರಿ ಹೊಸದಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಈ ಕಾರಣಕ್ಕೆ ಕುಗ್ಗಬೇಕಾಗಿಲ್ಲ. ಒಂದು ಭಾಷೆಯನ್ನು ಗಟ್ಟಿಯಾಗಿ ಬಲ್ಲವರಿಗೆ ಇನ್ನೊಂದರ ಸೂಕ್ಷ್ಮ ಬೇಗ ಕಾಣುತ್ತದೆಂಬುದೇ ನನ್ನ ಅಭಿಪ್ರಾಯ.

ಬರವಣಿಗೆಯ ಮೊದಲ ಪ್ರಶ್ನೆ ಕಡ್ಡಾಯ. ಎರಡು ಚಿಕ್ಕ ಗದ್ಯಭಾಗಗಳ ಮುಖ್ಯ ವಿಚಾರಗಳನ್ನು ಸಂಗ್ರಹಿಸಿ, ಅವುಗಳನ್ನು ತೂಗಿ, ಸ್ವಂತ ಅಭಿಪ್ರಾಯ ಸೇರಿಸಿ 240ರಿಂದ 280 ಪದಗಳ ಪ್ರಬಂಧ ಬರೆಯಬೇಕು. ಮೊದಲೇ ಉರುಹೊಡೆದ ಪ್ರಬಂಧ ಇಲ್ಲಿ ಕೆಲಸಕ್ಕೆ ಬಾರದು. ಪತ್ರಿಕೆಯ ಸಂಪಾದಕೀಯಗಳನ್ನು ದಿನವೂ ಓದಿ, ‘ಇವರ ವಾದವೇನು, ಅದಕ್ಕೆ ಆಧಾರವೇನು’ ಎಂದು ಎರಡು ವಾಕ್ಯಗಳಲ್ಲಿ ಬರೆಯುವ ಅಭ್ಯಾಸ ಇದಕ್ಕೆ ತಕ್ಕ ಸಿದ್ಧತೆ. ಆದರೆ ಬರೆದುದನ್ನು ತಿದ್ದಬಲ್ಲ ಅಧ್ಯಾಪಕರೊಬ್ಬರು ಬೇಕು. ಇದೊಂದಕ್ಕೆ ಖರ್ಚು ಮಾಡಿದರೆ ಸಾರ್ಥಕ.

ಸಂಭಾಷಣೆಗೆ ಅಭ್ಯರ್ಥಿಗಳನ್ನು ಸಾಮಾನ್ಯವಾಗಿ ಇಬ್ಬಿಬ್ಬರಾಗಿ ಕರೆಯುತ್ತಾರೆ. ಪರೀಕ್ಷಕರಲ್ಲೊಬ್ಬರು ಮಾತನಾಡಿಸಿದರೆ ಇನ್ನೊಬ್ಬರು ಮೌನವಾಗಿ ಕುಳಿತು ಕೇಳುತ್ತಾರೆ. ಹಿರಿಯರೆದುರು ಎದುರಾಡಬಾರದೆಂದು ಬೆಳೆಸಿದ ನಮ್ಮ ಮಕ್ಕಳು ಇಲ್ಲಿ ತಲೆಯಾಡಿಸಿ ಸುಮ್ಮನಾಗುವುದುಂಟು. ಜೊತೆಗಾರನ ಮಾತನ್ನು ವಿನಯದಿಂದ ಒಪ್ಪದಿರುವುದು, ಅವನ ವಿಚಾರವನ್ನು ಮುಂದುವರಿಸುವುದು, ಅವನಿಗೂ ಅವಕಾಶ ಕೊಡುವುದು – ಇವೇ ಇಲ್ಲಿ ಅಂಕ ತರುತ್ತವೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಊಟದ ನಂತರ ಹದಿನೈದು ನಿಮಿಷ ಒಂದು ವಿಷಯ ಹಿಡಿದು ಇಂಗ್ಲಿಷಿನಲ್ಲಿ ಚರ್ಚಿಸಿದರೆ ಸಾಕಷ್ಟು ಧೈರ್ಯ ಬರುತ್ತದೆ. ತಪ್ಪಾದಾಗ ಮನೆಯವರು ನಗಬಾರದು, ಅಷ್ಟೆ.

‘ಎರಡೇ ತಿಂಗಳಲ್ಲಿ ಪ್ರಭುತ್ವ’ ಎಂಬ ಫಲಕಗಳನ್ನು ನಂಬಬೇಡಿ. ಆರಂಭದಿಂದ ಸಿ1 ಮುಟ್ಟಲು ಸುಮಾರು 700ರಿಂದ 800 ಗಂಟೆಗಳ ಕಲಿಕೆ, ಸಿ2 ಮುಟ್ಟಲು 1,000ದಿಂದ 1,200 ಗಂಟೆಗಳ ಕಲಿಕೆ ಬೇಕೆಂಬುದು ಕೇಂಬ್ರಿಡ್ಜಿನವರದೇ ಅಂದಾಜು. ಸಿ1 ಮಟ್ಟದಲ್ಲಿರುವವರು ದಿನಕ್ಕೊಂದು ಗಂಟೆಯಂತೆ ಓದಿದರೂ ಒಂದು ವರ್ಷದ ಲೆಕ್ಕವಾಯಿತು. ಅಂತಿಮ ಫಲಿತಾಂಶದಲ್ಲಿ 200 ಅಂಕ ಪಡೆದವರು ಸಿ2 ತೇರ್ಗಡೆ. 220 ದಾಟಿದವರಿಗೆ ‘ಎ’ ಶ್ರೇಣಿ. 200 ಮುಟ್ಟದೆ 180ರಿಂದ 199ರ ನಡುವೆ ನಿಂತವರು ಬರಿಗೈಯಲ್ಲಿ ಮರಳುವುದಿಲ್ಲ. ಅವರಿಗೆ ಸಿ1 ಮಟ್ಟದ ಪ್ರಮಾಣಪತ್ರ ದೊರೆಯುತ್ತದೆ.