ದೀಪದ ತೋಟದಲ್ಲಿ ಉಷ್ಣದ ಲೆಕ್ಕ

1992ನೆಯ ಇಸವಿಯ ಜನವರಿ ತಿಂಗಳ ಒಂದು ರಾತ್ರಿ, ಬೆಳಗಿನ ಜಾವಕ್ಕೆ ಇನ್ನೂ ಹೊತ್ತಿರುವಾಗಲೇ, ಅಮೆರಿಕದ ಆರೆಗಾನ್ ಸಂಸ್ಥಾನದ ಫ್ಲಾರೆನ್ಸ್ ಎಂಬ ಊರಿನಲ್ಲಿ ಇಬ್ಬರು ಸರ್ಕಾರಿ ಅಧಿಕಾರಿಗಳು ಬೀದಿಯ ಬದಿಗೆ ಕಾರನ್ನು ನಿಲ್ಲಿಸಿ, ಕುಳಿತಲ್ಲಿಂದಲೇ ಎದುರಿಗಿದ್ದ ಮನೆಯೊಂದರತ್ತ ಒಂದು ಯಂತ್ರವನ್ನು ಹಿಡಿದರು. ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು, ವಸ್ತುಗಳ ಮೈಯಿಂದ ಸದಾ ಹೊರಸೂಸುತ್ತಿರುವ ಅವಕೆಂಪು ಕಿರಣಗಳನ್ನು ಮಾತ್ರ ಗ್ರಹಿಸಿ, ಬಿಸಿಯಾದುದನ್ನು ಬೆಳ್ಳಗೆ, ತಣ್ಣಗಿರುವುದನ್ನು ಕಪ್ಪಗೆ ತೋರಿಸತಕ್ಕ ಆ ಯಂತ್ರದಲ್ಲಿ, ಕಾರು ನಿಲ್ಲಿಸುವ ಕೊಠಡಿಯ ಮೇಲಿನ ಮಾಡು ಮತ್ತು ಒಂದು ಪಕ್ಕದ ಗೋಡೆ ಮನೆಯ ಉಳಿದ ಭಾಗಕ್ಕಿಂತಲೂ ನೆರೆಮನೆಗಳಿಗಿಂತಲೂ ಹೆಚ್ಚು ಬಿಸಿಯಾಗಿರುವುದು ಕಂಡುಬಂದಿತು. ಇದನ್ನೂ ಇತರ ಸುಳಿವುಗಳನ್ನೂ ಆಧಾರವಾಗಿಟ್ಟುಕೊಂಡು ವಾರಂಟು ಪಡೆದು ಒಳಹೊಕ್ಕಾಗ, ಪ್ರಖರವಾದ ದೀಪಗಳ ಕೆಳಗೆ ನೂರಕ್ಕೂ ಹೆಚ್ಚು ಗಾಂಜಾ ಗಿಡಗಳು ಬೆಳೆಯುತ್ತಿದ್ದುವು. ಮೊಕದ್ದಮೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2001ರಲ್ಲಿ ಐವರು ನ್ಯಾಯಾಧೀಶರು ಒಂದು ಕಡೆಗೂ ನಾಲ್ವರು ಇನ್ನೊಂದು ಕಡೆಗೂ ನಿಂತು, ವಾರಂಟಿಲ್ಲದೆ ಇಂಥ ಯಂತ್ರದಿಂದ ಮನೆಯನ್ನು ಪರೀಕ್ಷಿಸುವುದೂ ಶೋಧನೆಯೇ ಎಂಬ ತೀರ್ಪು ಹೊರಬಿದ್ದಿತು. ಕಾನೂನಿನ ವಿದ್ಯಾರ್ಥಿಗಳು ಕೈಲೋ ಮೊಕದ್ದಮೆ ಎಂದು ಓದುವ ಈ ಪ್ರಕರಣದಲ್ಲಿ ಭೌತವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕಾದ ಅಂಶ ಬೇರೊಂದುಂಟು: ಬೆಳಕನ್ನು ಗೋಡೆಯ ಮರೆಯಲ್ಲಿ ಅಡಗಿಸುವುದು ಸುಲಭ, ಆ ಬೆಳಕಿನಿಂದ ಹುಟ್ಟಿದ ಉಷ್ಣವನ್ನು ಅಡಗಿಸುವುದು ಅಸಾಧ್ಯ.

ಕಾಲಕ್ರಮದಲ್ಲಿ ಕೆಲವು ದೇಶಗಳ ಕಾನೂನುಗಳು ಬದಲಾದುವು. ಅಮೆರಿಕದ ಕೊಲರಾಡೋ ಸಂಸ್ಥಾನದ ಮತದಾರರು 2012ರಲ್ಲಿ ಒಪ್ಪಿಗೆಯಿತ್ತು, 2014ರ ಜನವರಿ 1ರಂದು ಅಲ್ಲಿ ಗಾಂಜಾದ ಅಂಗಡಿಗಳು ಬಹಿರಂಗವಾಗಿ ಬಾಗಿಲು ತೆರೆದುವು; ಕೆನಡಾ ದೇಶದಲ್ಲಿ 2018ರ ಅಕ್ಟೋಬರ್ 17ರಿಂದ ಅದರ ಬೆಳೆಯೂ ಮಾರಾಟವೂ ಲೈಸೆನ್ಸಿಗೆ ಒಳಪಟ್ಟ ಉದ್ಯಮವಾಯಿತು. ಕಳ್ಳತನದಿಂದ ಮನೆಯ ಮೂಲೆಯಲ್ಲಿ ನಡೆಯುತ್ತಿದ್ದ ಕೃಷಿ ಕಿಟಕಿಗಳಿಲ್ಲದ ದೊಡ್ಡ ಗೋದಾಮುಗಳಿಗೆ ಬಂದು ನೆಲಸಿತು. ಅವಿತುಕೊಳ್ಳುವ ಅವಶ್ಯಕತೆ ತಪ್ಪಿತಾದರೂ ಉಷ್ಣದ ಕಾಟ ತಪ್ಪಲಿಲ್ಲ. ದೀಪಗಳು ನೂರು ಪಾಲು ಹೆಚ್ಚಿದಂತೆ ಅದೂ ನೂರು ಪಾಲು ಹೆಚ್ಚಿತು.

ಈ ಉಷ್ಣ ಎಷ್ಟೆಂಬುದನ್ನು ಮೊದಲು ನೋಡೋಣ. ಸಾವಿರ ವಾಟಿನ ದೀಪವೊಂದನ್ನು ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆ ಉರಿಸಿದರೆ ಒಂದು ಯೂನಿಟ್ ವಿದ್ಯುತ್ತು ವ್ಯಯವಾಗುವುದಷ್ಟೆ. ಅದರಲ್ಲಿ ಗಿಡಕ್ಕೆ ಉಪಯುಕ್ತವಾದ ಬೆಳಕಾಗಿ ಮಾರ್ಪಡುವುದು, ಹಳೆಯ ಮಾದರಿಯ ದೀಪಗಳಲ್ಲಿ, ಮೂರನೆಯ ಒಂದು ಪಾಲಿನ ಆಸುಪಾಸು. ಉಳಿದದ್ದು ನೇರವಾಗಿಯೇ ಉಷ್ಣ. ಆ ಮೂರನೆಯ ಒಂದು ಪಾಲಾದರೂ ಬೆಳಕಾಗಿಯೇ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಎಲೆ ಹೀರಿಕೊಂಡ ಬೆಳಕಿನಲ್ಲಿ ದ್ಯುತಿಸಂಶ್ಲೇಷಣೆಯ ಮೂಲಕ ಸಕ್ಕರೆಯ ರೂಪದಲ್ಲಿ ಸಂಚಿತವಾಗತಕ್ಕದ್ದು ನೂರರಲ್ಲಿ ಕೆಲವೇ ಅಂಶ. ಗೋಡೆಗೆ, ನೆಲಕ್ಕೆ, ಕುಂಡಕ್ಕೆ ಬಿದ್ದ ಬೆಳಕೂ, ಎಲೆಯೊಳಗೆ ಹೊಕ್ಕು ಉಪಯೋಗಕ್ಕೆ ಬಾರದೆಹೋದ ಬೆಳಕೂ ಅಂತ್ಯದಲ್ಲಿ ಉಷ್ಣವಾಗಿಯೇ ಪರಿಣಮಿಸುವುವು. ಆದುದರಿಂದ ಇಂಥ ಕೋಣೆಯನ್ನು ಕಟ್ಟುವ ಇಂಜಿನಿಯರು ಲೆಕ್ಕ ಹಾಕುವಾಗ, ದೀಪದ ಮೀಟರು ತೋರಿಸುವ ಪ್ರತಿಯೊಂದು ವಾಟನ್ನೂ ಒಂದು ವಾಟು ಉಷ್ಣವೆಂದೇ ಹಿಡಿಯುತ್ತಾನೆ. ಸಾವಿರ ವಾಟಿನ ಹತ್ತು ದೀಪಗಳು, ಅವುಗಳ ಚೋಕುಗಳು ತಿನ್ನುವ ವಿದ್ಯುತ್ತೂ ಸೇರಿ, ಹತ್ತೂವರೆ ಕಿಲೋವಾಟು ಎಂದಿಟ್ಟುಕೊಳ್ಳೋಣ. ಒಂದು ಟನ್ ಶೈತ್ಯವೆಂದರೆ ಸುಮಾರು ಮೂರೂವರೆ ಕಿಲೋವಾಟು ಉಷ್ಣವನ್ನು ಹೊರಹಾಕುವ ಸಾಮರ್ಥ್ಯವಾದ್ದರಿಂದ, ನಮ್ಮ ಅಂಗಡಿಗಳಲ್ಲಿ ಮಾರುವ ಒಂದೂವರೆ ಟನ್ನಿನ ಎರಡು ಏಸಿಗಳು ಆ ಹತ್ತು ದೀಪಗಳಿಗಾಗಿಯೇ ಬಿಡುವಿಲ್ಲದೆ ದುಡಿಯಬೇಕಾಗುವುದು.

ಇಷ್ಟು ಕಾಟ ಕೊಡುವ ದೀಪವಾದರೂ ಯಾವುದು? ನಮ್ಮ ನಗರಗಳ ಬೀದಿಗಳಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಹಳದಿಯ ಬೆಳಕನ್ನು ಚೆಲ್ಲುತ್ತಿದ್ದ ಸೋಡಿಯಂ ದೀಪದ ವಂಶದ್ದೇ ಅದು. ಸೋಡಿಯಂ ಆವಿಯನ್ನು ಹೆಚ್ಚಿನ ಒತ್ತಡದಲ್ಲಿ ಕಾಯಿಸಿದರೆ ಬೆಳಕಿನ ವರ್ಣಪಟಲ ವಿಶಾಲವಾಗುವುದೆಂಬುದು ತಿಳಿದಿದ್ದರೂ, ಕುದಿಯುವ ಸೋಡಿಯಂ ಗಾಜನ್ನೂ ಸ್ಫಟಿಕಶಿಲೆಯನ್ನೂ ಕೊರೆದು ತಿನ್ನುತ್ತಿದ್ದುದರಿಂದ ಬಹುಕಾಲ ಅಂಥ ದೀಪವನ್ನು ಕಟ್ಟುವುದು ಸಾಧ್ಯವಾಗಿರಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ರಾಬರ್ಟ್ ಕೋಬಲ್ ಎಂಬ ವಿಜ್ಞಾನಿ 1950ರ ದಶಕದಲ್ಲಿ, ಅಲ್ಯೂಮಿನಾ ಪುಡಿಗೆ ಅತ್ಯಲ್ಪ ಮೆಗ್ನೀಷಿಯಾವನ್ನು ಬೆರೆಸಿ ಸುಟ್ಟರೆ, ಒಳಗೆ ರಂಧ್ರವೇ ಉಳಿಯದ, ಬೆಳಕನ್ನು ಹಾಯಗೊಡುವ ಒಂದು ಬಗೆಯ ಪಿಂಗಾಣಿ ಸಿದ್ಧವಾಗುವುದೆಂದು ತೋರಿಸಿದನು. ಅದರಿಂದ ಮಾಡಿದ ಬೆರಳುದ್ದದ ಸಣ್ಣ ಕೊಳವೆಯೊಳಗೆ ಸೋಡಿಯಂ, ಪಾದರಸ ಮತ್ತು ಕೊಂಚ ಕ್ಸೆನಾನ್ ಅನಿಲವನ್ನು ತುಂಬಿ ವಿದ್ಯುತ್ತಿನ ಚಾಪವನ್ನು ಹೊತ್ತಿಸಿದರೆ, ಕೊಳವೆಯ ಗೋಡೆಯೇ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನವರೆಗೆ ಕಾಯುತ್ತದೆ. ಇಷ್ಟು ಕಾದ ವಸ್ತುವು ಹಳದಿ, ಕಿತ್ತಳೆ ಬಣ್ಣಗಳ ಬೆಳಕಿನೊಡನೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಪ್ರವಾಹವನ್ನೂ ಕೆಳಗಿನ ಗಿಡಗಳ ಮೇಲೆ ಸುರಿಸುವುದು ಅನಿವಾರ್ಯವೇ ಸರಿ.

ದೀಪದ ಉಷ್ಣವು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಶತ್ರುವಾಗಿತ್ತೆಂದು ಭಾವಿಸಬಾರದು. ವಿಲಿಯಂ ಸೀಮೆನ್ಸ್ ಎಂಬ ಇಂಜಿನಿಯರು 1880ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ, ವಿದ್ಯುತ್ ದೀಪದ ಕೆಳಗೆ ಸಸ್ಯಗಳನ್ನು ಬೆಳೆಸಿದ ತನ್ನ ಪ್ರಯೋಗಗಳನ್ನು ವಿವರಿಸಿದನು. ಟನ್‌ಬ್ರಿಡ್ಜ್ ವೆಲ್ಸ್ ಬಳಿಯ ತನ್ನ ಮನೆಯ ತೋಟದಲ್ಲಿ, ಬತ್ತಲೆ ಚಾಪದೀಪದ ಹತ್ತಿರದ ಎಲೆಗಳು ಸುಟ್ಟು ಮುರುಟಿಕೊಳ್ಳುವುದನ್ನೂ, ನಡುವೆ ಗಾಜನ್ನು ಇಟ್ಟರೆ ಆ ಹಾನಿ ತಗ್ಗುವುದನ್ನೂ ಆತನು ಗಮನಿಸಿದನು. ಆದರೆ ಅದೇ ದೀಪಕ್ಕೆ ವಿದ್ಯುತ್ತನ್ನು ಒದಗಿಸುತ್ತಿದ್ದ ಉಗಿಯಂತ್ರದ ಉಳಿಕೆಯ ಉಗಿಯನ್ನು ಗಾಜಿನ ಮನೆಗಳನ್ನು ಬೆಚ್ಚಗಿಡಲು ಬಳಸಿಕೊಂಡನು. ಇಂದಿಗೂ ಹಾಲೆಂಡಿನ ಗಾಜಿನ ಮನೆಗಳಲ್ಲಿ ಟೊಮೇಟೊ, ಗುಲಾಬಿಗಳನ್ನು ಬೆಳೆಯುವವರಿಗೆ ಚಳಿಗಾಲದಲ್ಲಿ ಸೋಡಿಯಂ ದೀಪದ ಬಿಸಿಯು ಲಾಭವೇ. ಗಾಜಿನ ಮಾಡು ಹೊರಗಿನ ಚಳಿಗೆ ಒಳಗಿನ ಉಷ್ಣವನ್ನು ತಾನಾಗಿ ಬಿಟ್ಟುಕೊಡುತ್ತದೆ. ಗೋದಾಮಿನ ಗೋಡೆಗಳಾದರೋ ಉಷ್ಣವು ಹಾಯದಂತೆ ಹೊದಿಕೆ ಹೊದಿಸಿಕೊಂಡವು. ಅಲ್ಲಿ ಬಂದ ಉಷ್ಣ ಅಲ್ಲಿಯೇ ಶೇಖರವಾಗುವುದು.

ಶೇಖರವಾದ ಉಷ್ಣವು ಗಿಡಕ್ಕೆ ಏನು ಮಾಡುವುದೆಂಬುದನ್ನು ಅರಿಯಲು ಎಲೆಯ ವ್ಯವಹಾರವನ್ನು ಅರಿಯಬೇಕು. ಎಲೆಗೆ ಉಷ್ಣವನ್ನು ಕಳೆದುಕೊಳ್ಳಲು ಮೂರು ದಾರಿಗಳುಂಟು: ಸುತ್ತಣ ವಸ್ತುಗಳತ್ತ ವಿಕಿರಣ, ಸುಳಿಯುವ ಗಾಳಿಯ ಮೂಲಕ ಸಂವಹನ, ಮತ್ತು ಪತ್ರರಂಧ್ರಗಳ ಮೂಲಕ ನೀರಿನ ಬಾಷ್ಪವಿಸರ್ಜನೆ. ಇವುಗಳಲ್ಲಿ ಕೊನೆಯದೇ ಪ್ರಬಲವಾದುದು; ಮಣ್ಣಿನ ಹೂಜಿಯು ತನ್ನ ಮೈಯಿಂದ ನೀರನ್ನು ಜಿನುಗಿಸಿ ಒಳಗಿನ ನೀರನ್ನು ತಂಪಾಗಿಡುವಂತೆ, ಎಲೆಯೂ ಬೇರು ಹೀರಿ ತಂದ ನೀರಿನ ಬಹುಪಾಲನ್ನು ಆವಿಯಾಗಿಸಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ದೀಪವು ತೀರ ಸಮೀಪವಿದ್ದು ಅವಕೆಂಪು ಕಿರಣಗಳ ಹೊರೆ ಮಿತಿಮೀರಿದಾಗ ಗಿಡವು ನೀರನ್ನು ಉಳಿಸಿಕೊಳ್ಳಲು ರಂಧ್ರಗಳನ್ನು ಮುಚ್ಚಿಕೊಳ್ಳುವುದು. ಮುಚ್ಚಿಕೊಂಡೊಡನೆ ತಂಪಾಗುವ ದಾರಿಯೂ, ಇಂಗಾಲದ ಡೈ ಆಕ್ಸೈಡು ಒಳಬರುವ ದಾರಿಯೂ ಏಕಕಾಲದಲ್ಲಿ ಮುಚ್ಚಿಹೋಗುವುವು. ಎಲೆಯ ಅಂಚುಗಳು ಮೇಲಕ್ಕೆ ಸುರುಳಿಗೊಳ್ಳುವುದು, ತುದಿಯ ಚಿಗುರು ಬಣ್ಣಗೆಡುವುದು, ಹೂವಿನ ಪರಿಮಳವನ್ನು ಹೊತ್ತಿರುವ ಸುಗಂಧ ತೈಲಗಳು ಹಾರಿಹೋಗುವುದು, ಇವೆಲ್ಲವೂ ಆ ಸಂಕಟದ ಚಿಹ್ನೆಗಳು. ದೀಪವನ್ನು ಮೇಲಕ್ಕೆ ಎತ್ತಿ ಕಟ್ಟಿದರೆ ಎಲೆಯ ಮೇಲಿನ ಉರಿ ತಗ್ಗುವುದು ನಿಜ. ಆದರೆ ಅದರೊಡನೆ ಬೆಳಕೂ ತಗ್ಗುವುದು, ಕೋಣೆಗೆ ಬರುವ ಒಟ್ಟು ಉಷ್ಣ ಮಾತ್ರ ಒಂದಿಷ್ಟೂ ತಗ್ಗದು.

ಹೀಗಾಗಿ ಉಷ್ಣವನ್ನು ಸಾಗಿಸುವ ಉಪಾಯಗಳು ಹುಟ್ಟಿಕೊಂಡುವು. ದೀಪದ ಪ್ರತಿಫಲಕಕ್ಕೆ ಅಡಿಯಲ್ಲಿ ಗಾಜನ್ನು ಹೊಂದಿಸಿ, ಎರಡು ತುದಿಗಳಿಗೂ ಗಾಳಿಗೊಳವೆಗಳನ್ನು ಜೋಡಿಸಿ, ಫ್ಯಾನಿನಿಂದ ಗಾಳಿಯನ್ನು ಹಾಯಿಸುವುದು ಮೊದಲನೆಯದು. ದೀಪದ ಸುತ್ತ ಕಾದ ಗಾಳಿ ಕೋಣೆಯೊಡನೆ ಬೆರೆಯದೆ ನೇರವಾಗಿ ಹೊರಹೋಗುವುದು, ಗಾಜು ದೀರ್ಘತರಂಗದ ಅವಕೆಂಪು ಕಿರಣಗಳನ್ನು ತಡೆದು ತಾನು ಕಾದು ಆ ಗಾಳಿಗೇ ಒಪ್ಪಿಸುವುದು. ಕೋಣೆಯ ಗಾಳಿಯನ್ನೇ ಬದಲಾಯಿಸುತ್ತಿರುವುದು ಎರಡನೆಯ ಉಪಾಯ. ಒಂದು ಕಿಲೋವಾಟು ಉಷ್ಣವನ್ನು, ಹೊರಗಿನ ಗಾಳಿಗಿಂತ 5 ಡಿಗ್ರಿ ಮಾತ್ರ ಹೆಚ್ಚು ಬಿಸಿಯಾದ ಗಾಳಿಯ ಮೇಲೆ ಹೊರಿಸಿ ಕಳುಹಬೇಕಾದರೆ ಗಂಟೆಗೆ ಸುಮಾರು 600 ಘನಮೀಟರ್ ಗಾಳಿ ಬೇಕು. ಹತ್ತೂವರೆ ಕಿಲೋವಾಟಿನ ಆ ಹತ್ತು ದೀಪಗಳಿಗೆ ಸುಮಾರು 6300 ಘನಮೀಟರ್. ಹೊರಗೆ ಚಳಿಯಿದ್ದಾಗ ಇದು ಅಗ್ಗ, ಬೇಸಿಗೆಯ ಮಧ್ಯಾಹ್ನದಲ್ಲಿ ನಿರರ್ಥಕ. ದೀಪಗಳನ್ನು ರಾತ್ರಿಯ ತಂಪಿನಲ್ಲಿ ಉರಿಸಿ ಹಗಲನ್ನು ಕತ್ತಲೆ ಮಾಡುವ ಪದ್ಧತಿ ಹುಟ್ಟಿದ್ದು ಈ ಕಾರಣದಿಂದಲೇ. ಬೆಳವಣಿಗೆಗೆಂದು ಕೋಣೆಯಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹೆಚ್ಚಿಸಿಟ್ಟಿದ್ದರೆ ಅದೂ ಆ ಗಾಳಿಯೊಡನೆ ಹೊರಟುಹೋಗುವುದು. ಆದುದರಿಂದ ದೊಡ್ಡ ಉದ್ಯಮಗಳು ಕೋಣೆಯನ್ನು ಸಂಪೂರ್ಣ ಮುಚ್ಚಿ ಶೈತ್ಯಯಂತ್ರಗಳನ್ನು ನೆಚ್ಚಿಕೊಂಡುವು.

ಮುಚ್ಚಿದ ಕೋಣೆಯಲ್ಲಿ ನೀರಿನ ಲೆಕ್ಕ ಮುಂದೆ ಬರುತ್ತದೆ. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಲು ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ, ಅಂದರೆ 0.68 ಯೂನಿಟ್ ಶಕ್ತಿಯನ್ನು ಹೀರುತ್ತದೆ. ದಿನಕ್ಕೆ 50 ಲೀಟರ್ ನೀರು ಹೀಗೆ ಆವಿಯಾದರೆ 34 ಯೂನಿಟ್ ಉಷ್ಣ ಉಷ್ಣಮಾಪಕಕ್ಕೆ ಕಾಣದಂತೆ ಗುಪ್ತೋಷ್ಣವಾಗಿ ಗಾಳಿಯಲ್ಲಿ ಸೇರಿಕೊಂಡಿತೆಂದಾಯಿತು. ಅದು ನಾಶವಾಗಿಲ್ಲ, ತೇವವನ್ನು ಹೀರುವ ಯಂತ್ರವನ್ನು ಕೋಣೆಯಲ್ಲಿಟ್ಟರೆ, ಆವಿ ಮತ್ತೆ ನೀರಾಗುವಾಗ ಆ 34 ಯೂನಿಟ್ಟೂ, ಯಂತ್ರವು ತಾನು ಬಳಸಿದ ವಿದ್ಯುತ್ತೂ ಬಿಸಿಗಾಳಿಯಾಗಿ ಹಿಂದಿರುಗುವುವು. ದೀಪ ಆರಿದ ಗಳಿಗೆಯೇ ಅತ್ಯಂತ ಅಪಾಯದ್ದು. ಗಾಂಜಾ ಹ್ರಸ್ವದಿನದ ಸಸ್ಯವಾದುದರಿಂದ ಹೂ ಬಿಡಬೇಕಾದರೆ ದೀರ್ಘವಾದ ಕತ್ತಲೆ ಬೇಕೆಂಬುದು, ಫ್ರಾನ್ಸಿನ ಟೂರ್ನ್ವಾ ಎಂಬ ವಿಜ್ಞಾನಿ ಮೊದಲನೆಯ ಮಹಾಯುದ್ಧಕ್ಕೂ ಮುಂಚೆಯೇ ನಡೆಸಿದ ಪ್ರಯೋಗಗಳ ಕಾಲದಿಂದ ತಿಳಿದುಬಂದ ಸಂಗತಿ. ಆ ಕತ್ತಲೆಯಲ್ಲಿ ಗಾಳಿ 28 ಡಿಗ್ರಿಯಿಂದ 20 ಡಿಗ್ರಿಗೆ ಇಳಿದರೆ, ಘನಮೀಟರಿಗೆ 27 ಗ್ರಾಂ ಆವಿಯನ್ನು ಹೊರಬಲ್ಲುದಾಗಿದ್ದ ಗಾಳಿ ಈಗ 17 ಗ್ರಾಂ ಮಾತ್ರ ಹೊರಬಲ್ಲುದು. ಹೆಚ್ಚಿನದು ಹೂಗೊಂಚಲುಗಳ ಮೇಲೆ ಹನಿಯಾಗಿ ಇಳಿದು ಬೂದುಬಣ್ಣದ ಬೂಷ್ಟಿಗೆ ಎಡೆಗೊಡುವುದು. ಹಗಲಿನ ಉಷ್ಣವನ್ನು ಗೆದ್ದವನು ಇರುಳಿನ ತೇವಕ್ಕೆ ಸೋಲುವುದು ಈ ಉದ್ಯಮದಲ್ಲಿ ಸಾಮಾನ್ಯ.

ಎಲ್‌ಇಡಿ ದೀಪಗಳು ಬಂದ ಮೇಲೆ ಈ ಸಮಸ್ಯೆ ತೀರಿತೆಂದು ಹಲವರು ತಿಳಿದರು. ಉತ್ತಮ ಸೋಡಿಯಂ ದೀಪವು ಒಂದು ಜೂಲ್ ವಿದ್ಯುತ್ತಿಗೆ 1.7 ಮೈಕ್ರೋಮೋಲ್ ಬೆಳಕಿನ ಕಣಗಳನ್ನು ಕೊಟ್ಟರೆ, ಇಂದಿನ ಉತ್ತಮ ಎಲ್‌ಇಡಿಯು ಮೂರರ ಆಸುಪಾಸು ಕೊಡುವುದು. ಅಷ್ಟೇ ಬೆಳಕಿಗೆ ಅರ್ಧಕ್ಕಿಂತ ತುಸು ಹೆಚ್ಚು ವಿದ್ಯುತ್ತು ಸಾಲುವುದರಿಂದ ಉಷ್ಣವೂ ಅಷ್ಟೇ ಪ್ರಮಾಣದಲ್ಲಿ ಕುಗ್ಗುವುದು. ಆದರೆ ಎಲ್‌ಇಡಿ ತಣ್ಣನೆಯ ದೀಪವೆಂಬುದು ಭ್ರಮೆ. ಅದರ ಬಿಸಿ ಕಿರಣವಾಗಿ ಎಲೆಯ ಮೇಲೆ ಬೀಳುವ ಬದಲು ಬೆನ್ನಿನ ಅಲ್ಯೂಮಿನಿಯಂ ರೆಕ್ಕೆಗಳ ಮೂಲಕ ಮೇಲಣ ಗಾಳಿಗೆ ಸೇರುವುದು. ಎಲೆಗೆ ತಾಗುವ ಅವಕೆಂಪು ಕಿರಣ ಕಡಿಮೆಯಾದುದರಿಂದ ಎಲೆ ಮೊದಲಿಗಿಂತ ತಂಪಾಗಿ, ಹಳೆಯ ಲೆಕ್ಕದಲ್ಲಿಯೇ ಕೋಣೆಯನ್ನು ತಣ್ಣಗಿಟ್ಟವರ ಗಿಡಗಳು ಮಂದವಾಗಿ ಬೆಳೆದುವು. ದೀಪ ಬದಲಾದಾಗ ಕೋಣೆಯ ತಾಪಮಾನವನ್ನು ಕೊಂಚ ಏರಿಸಬೇಕೆಂಬುದನ್ನು ಬೆಳೆಗಾರರು ಅನುಭವದಿಂದ ಕಲಿತರು.

ಈ ಕೃಷಿಯ ಒಟ್ಟು ವೆಚ್ಚವನ್ನು ಅಳೆದವರೂ ಇದ್ದಾರೆ. ಅಮೆರಿಕದ ಇವಾನ್ ಮಿಲ್ಸ್ ಎಂಬ ಶಕ್ತಿತಜ್ಞರು 2012ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಒಳಾಂಗಣದ ಗಾಂಜಾ ಬೆಳೆಯು ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಶೇಕಡಾ 1ರಷ್ಟನ್ನು ಬಳಸುತ್ತಿತ್ತು. ಕೊಲರಾಡೋ ರಾಜ್ಯ ವಿಶ್ವವಿದ್ಯಾನಿಲಯದ ಸಂಶೋಧಕರು 2021ರಲ್ಲಿ ಮಾಡಿದ ಗಣನೆಯ ಪ್ರಕಾರ, ಒಂದು ಕಿಲೋ ಒಣಗಿದ ಹೂವಿಗಾಗಿ, ಬೆಳೆಯುವ ಸ್ಥಳವನ್ನು ಅವಲಂಬಿಸಿ, 2283ರಿಂದ 5184 ಕಿಲೋದವರೆಗೆ ಇಂಗಾಲದ ಡೈ ಆಕ್ಸೈಡಿಗೆ ಸಮನಾದ ಅನಿಲಗಳು ವಾಯುಮಂಡಲವನ್ನು ಸೇರುತ್ತವೆ. ಬೆಳಕಿನೊಡನೆ ಗಾಳಿಯ ಬಿಸಿ, ತಂಪು, ತೇವಗಳನ್ನು ಹದದಲ್ಲಿಡುವ ಯಂತ್ರಗಳದೇ ಅದರಲ್ಲಿ ದೊಡ್ಡ ಪಾಲು.

ನಮ್ಮ ದೇಶದಲ್ಲಿ 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು ಅಪರಾಧ; ಆದರೆ ದೀಪದ ಕೆಳಗೆ ಗಿಡ ಬೆಳೆಸುವ ವಿದ್ಯೆ ನಮಗೆ ಅಪರಿಚಿತವಲ್ಲ. ಬಾಳೆಯ ಅಂಗಾಂಶ ಕೃಷಿಯ ಸಸಿಗಳು ಸುಮಾರು 25 ಡಿಗ್ರಿಯ ಕೋಣೆಗಳಲ್ಲಿ, ಟ್ಯೂಬ್‌ಲೈಟುಗಳ ಕೆಳಗೆ, ಸೀಸೆಗಳೊಳಗೆ ಬೆಳೆಯುತ್ತವೆ. ಅಂಥ ಕೋಣೆಗಳಲ್ಲಿ ಟ್ಯೂಬುಗಳ ಚೋಕುಗಳನ್ನು ಮಾತ್ರ ಗೋಡೆಯ ಆಚೆಗೆ ಇಡುವ ರೂಢಿಯುಂಟು. ಚೋಕಿನ ಬಿಸಿಯನ್ನು ಒಳಗೆ ಬರಗೊಟ್ಟು ಆಮೇಲೆ ಏಸಿಯಿಂದ ಹೊರಗಟ್ಟುವುದಕ್ಕಿಂತ ಅದು ಒಳಗೆ ಬಾರದಂತೆ ಮಾಡುವುದೇ ಲೇಸೆಂಬ ವಿವೇಕ ಅದರಲ್ಲಿದೆ.

ಉಷ್ಣವನ್ನು ನಾಶಮಾಡುವ ಯಂತ್ರ ಜಗತ್ತಿನಲ್ಲಿಲ್ಲ. ಇರುವ ಯಂತ್ರಗಳೆಲ್ಲವೂ ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತುಹಾಕುವ ಕೂಲಿಗಳು, ಮತ್ತು ಆ ಕೂಲಿಯನ್ನು ಪ್ರತಿ ತಿಂಗಳೂ ವಿದ್ಯುತ್ತಿನ ಬಿಲ್ಲಿನಲ್ಲಿ ತೆರಬೇಕು. ಬಿಸಿಲು ಧಾರಾಳವಾಗಿರುವ ನಾಡಿನಲ್ಲಿ ಸೂರ್ಯನಿಗೆ ಬಾಗಿಲು ಮುಚ್ಚಿ, ಅವನ ಕೆಲಸವನ್ನು ದೀಪಕ್ಕೂ, ದೀಪದ ಕಾಟವನ್ನು ಏಸಿಗೂ ವಹಿಸುವುದು ವಿಜ್ಞಾನದಿಂದ ಸಾಧ್ಯವಾದ ಕಾರ್ಯವೇ ಹೊರತು ವಿಜ್ಞಾನಕ್ಕೆ ಒಪ್ಪುವ ಕಾರ್ಯವಲ್ಲ.