ಅರಿಷಿಣದ ಎಲೆರೋಗ: ಎಣ್ಣಿ ಯಾವುದು, ಸ್ಟಿಕ್ಕರ್ ಎಷ್ಟು?



ಶೇಡಬಾಳ ಸುತ್ತಿನ ಹೊಲಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವೂ ಮನೆ ನಡೆಸುವ ಬೆಳೆ. ಎಂಟು-ಒಂಬತ್ತು ತಿಂಗಳು ಕಾದು ಸಾಂಗಲಿ ಪೇಟೆಗೆ ಒಯ್ಯುವ ಈ ಬೆಳೆಗೆ ಆಗಸ್ಟ್-ಸೆಪ್ಟೆಂಬರ್ ಮಳೆಯಲ್ಲಿ ಎಲೆರೋಗ ಬೀಳುತ್ತದೆ. ಎಲೆ ಸುಟ್ಟರೆ ಗಡ್ಡೆ ತುಂಬುವುದಿಲ್ಲ. ಬೀಜ-ಗೊಬ್ಬರದ ಸಾಲ ಮಾತ್ರ ಉಳಿಯುತ್ತದೆ.

ರೋಗ ಎರಡು ಬಗೆ. ಎಲೆಚುಕ್ಕೆಯಲ್ಲಿ ಕಂದು ಚುಕ್ಕೆ, ನಡುವೆ ಬೂದಿ ಬಣ್ಣ, ಸುತ್ತ ಹಳದಿ ಅಂಚು. ಎಲೆಮಚ್ಚೆಯಲ್ಲಿ ಸಣ್ಣ ಹಳದಿ ಮಚ್ಚೆಗಳು ಕೂಡಿಕೊಂಡು ಎಲೆಯೇ ಕೆಂಪಗೆ ಸುಟ್ಟಂತೆ ಕಾಣುತ್ತದೆ. ಎರಡೂ ಶಿಲೀಂಧ್ರದಿಂದ ಬರುವಂಥವು.

ಮೊದಲ ಚುಕ್ಕೆ ಕಂಡ ಕೂಡಲೇ ಮ್ಯಾಂಕೋಜೆಬ್ ಪುಡಿಯನ್ನು ಲೀಟರ್ ನೀರಿಗೆ 2ರಿಂದ 2.5 ಗ್ರಾಂ ಬೆರೆಸಿ ಹೊಡೆಯಬೇಕು. 16 ಲೀಟರ್ ಪಂಪಿಗೆ 32ರಿಂದ 40 ಗ್ರಾಂ. ಇಲ್ಲವೇ ಶೇ. 1ರ ಬೋರ್ಡೋ ದ್ರಾವಣ ಹೊಡೆಯಬಹುದು. 15 ದಿನ ಬಿಟ್ಟು ಮತ್ತೊಮ್ಮೆ ಹೊಡೆಯಿರಿ. ಯಾಕಂದ್ರೆ ಮ್ಯಾಂಕೋಜೆಬ್ ಬಿದ್ದ ಜಾಗವನ್ನಷ್ಟೇ ಕಾಯುತ್ತದೆ. ಆಮೇಲೆ ಬಿಚ್ಚಿದ ಹೊಸ ಎಲೆಗೆ ರಕ್ಷಣೆ ಇರುವುದಿಲ್ಲ. ಸುಟ್ಟ ಎಲೆಯೂ ಮತ್ತೆ ಹಸಿರಾಗೋದಿಲ್ಲ. ಆದ್ದರಿಂದ ತಡ ಮಾಡಬೇಡಿ.

ಇನ್ನು ಸ್ಟಿಕ್ಕರ್ ಮಾತು. "ಸ್ಟಿಕ್ಕರ್ ಜಾಸ್ತಿ ಹಾಕಿದ್ರ ರೋಗ ಲಗೂ ಹೋಗ್ತೈತಿ" ಅನ್ನುವವರಿದ್ದಾರೆ. ಇದು ತಪ್ಪು. ಸ್ಟಿಕ್ಕರ್ ರೋಗ ಕೊಲ್ಲುವುದಿಲ್ಲ. ನುಣುಪಾದ ಎಲೆಯ ಮೇಲೆ ಎಣ್ಣಿ ಹರಡಿ ಅಂಟಿಕೊಳ್ಳಲು ಸಹಾಯ ಮಾಡುತ್ತದೆ, ಅಷ್ಟೇ. ಸಾಮಾನ್ಯವಾಗಿ ಲೀಟರಿಗೆ ಅರ್ಧ ಮಿಲಿ, ಅಂದರೆ ಪಂಪಿಗೆ 8 ಮಿಲಿ ಸಾಕು. ಆದರೂ ಡಬ್ಬಿಯ ಮೇಲಿನ ಪ್ರಮಾಣವನ್ನೇ ನೋಡಿ ಹಾಕಿ. ಮುಚ್ಚಳದಿಂದ ಅಂದಾಜು ಸುರಿಯಬೇಡಿ. ಹೆಚ್ಚಾದರೆ ಹನಿಗಳು ಕೂಡಿಕೊಂಡು ಎಲೆಯ ತುದಿಯಿಂದ ನೆಲಕ್ಕೆ ಜಾರುತ್ತವೆ, ಎಲೆ ಸುಡುವುದೂ ಉಂಟು.

ಮನೆಯಲ್ಲೇ ಪರೀಕ್ಷೆ ಮಾಡಿ. ಎಲೆಯ ಮೇಲೆ ಬರೀ ನೀರು ಚಿಮುಕಿಸಿ. ಮಣಿಯಂತೆ ಉರುಳಿ ಬಿದ್ದರೆ ಸ್ಟಿಕ್ಕರ್ ಬೇಕು. ಆಮೇಲೆ ಸ್ಟಿಕ್ಕರ್ ಬೆರೆಸಿದ ನೀರು ಚಿಮುಕಿಸಿ. ತೆಳುವಾಗಿ ಹರಡಿ ನಿಂತರೆ ಅಳತೆ ಸರಿ.

ಎಲೆಯ ಕೆಳಭಾಗಕ್ಕೂ ಎಣ್ಣಿ ತಾಗಲಿ. ಮೋಡ ಕವಿದಾಗ, ಗಾಳಿ ಬೀಸುವಾಗ ಹೊಡೆಯಬೇಡಿ. ಸ್ಟಿಕ್ಕರ್ ಇದ್ದರೂ ಒಣಗುವ ಮೊದಲೇ ಜೋರು ಮಳೆ ಬಂದರೆ ಖರ್ಚೆಲ್ಲ ನೀರಪಾಲು. ಕೈಗವಸು ಹಾಕಿ, ಬಾಯಿ-ಮೂಗಿಗೆ ಬಟ್ಟೆ ಕಟ್ಟಿರಿ. ಹೊಡೆಯುವಾಗ ಎಲೆ-ಅಡಿಕೆ, ತಂಬಾಕು ಬೇಡ. ಖಾಲಿ ಡಬ್ಬಿಯನ್ನು ಅಡುಗೆಮನೆಗೆ ತರಬೇಡಿ.

ಮುಂದಿನ ಸಲ ರೋಗವಿಲ್ಲದ ಹೊಲದ ಗಡ್ಡೆಯನ್ನೇ ಬೀಜಕ್ಕಿಡಿ. ರೋಗದ ಎಲೆಗಳನ್ನು ಆಯ್ದು ಸುಡಿರಿ. ಅನುಮಾನ ಬಂದರೆ ಅಂಗಡಿಗೆ ಹೋಗುವ ಮೊದಲು ರೋಗದ ಎಲೆಯನ್ನು ತೋಟಗಾರಿಕೆ ಇಲಾಖೆಗೆ ಒಯ್ದು ತೋರಿಸಿರಿ. ಅಳತೆ ತಪ್ಪದಿದ್ದರೆ ಬೆಳೆಯೂ ಉಳಿದೀತು, ಕೈಯಲ್ಲಿ ನಾಲ್ಕು ಕಾಸೂ ಉಳಿದೀತು.